ದಿನಕ್ಕೆ ಮೂರೇ ಜಾಗ

ನಮ್ಮ ಭೂಗೋಳದ ಮಾಸ್ತರರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತರ ಜಾತಿಯದಲ್ಲ. ಆ ಒಂಬತ್ತನ್ನು ಪ್ರತಿ ಭಾನುವಾರ ಬೆಳಿಗ್ಗೆ ಮನೆಯ ಕಟ್ಟೆಯ ಮೇಲೆ ಕೂತು ಬ್ಲೇಡಿನಿಂದ ನುಣ್ಣಗೆ ತೆಗೆಯುತ್ತಿದ್ದರು. ಇದೊಂದನ್ನು ಮಾತ್ರ ಬೆಳೆಯಲು ಬಿಟ್ಟು, ತುದಿಯನ್ನು ಕಲ್ಲಿಗೆ ಉಜ್ಜಿ ನೇರ ಮಾಡಿಕೊಂಡಿದ್ದರು. ಅದು ಅವರ ಅಳತೆಪಟ್ಟಿ. ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ, ಕೆಂಪು ಪೆನ್ಸಿಲಿನಲ್ಲಿ ರಸ್ತೆ ಎಳೆದು, ಅದರ ಮೇಲೆ ಆ ಉಗುರನ್ನು ಒಂದೊಂದೇ ಹೆಜ್ಜೆ ಇಡಿಸುತ್ತ, "ಒಂದ ಉಗುರು ಅಂದ್ರ ಹತ್ತ ಕಿಲೋಮೀಟರ್. ಮೂಡಲಗಿಯಿಂದ ಗೋಕಾಕ ಎರಡೂವರಿ ಉಗುರು, ಹೌದಿಲ್ಲೋ?" ಎನ್ನುತ್ತಿದ್ದರು. ಹೌದೋ ಅಲ್ಲವೋ ಎಂದು ಯಾರೂ ತಕರಾರು ಮಾಡಿದ್ದನ್ನು ನಾನು ನೋಡಿಲ್ಲ.

ಮೂಡಲಗಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಯೆತ್ತರದ ಒಂದು ಗೋಡೆ. ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದವರು ಅವರೇ. ನಿವೃತ್ತರಾದ ಮೇಲೆ ಅವರ ಭೂಗೋಳವೆಲ್ಲ ನಮ್ಮ ಓಣಿಯ ಪ್ರವಾಸಗಳಿಗೆ ಮೀಸಲಾಯಿತು. ಯಾರ ಮನೆಯಲ್ಲಿ ಎರಡು ಮೂರು ದಿನ ರಜೆ ಒಟ್ಟಿಗೆ ಕೂಡಿಬಂದರೂ ಮೊದಲು ಮಾಸ್ತರರ ಕಟ್ಟೆ, ಆಮೇಲೆ ಗಾಡಿ ಬಾಡಿಗೆಯ ಮಾತು. ಎಲ್ಲಿ ನಿಲ್ಲಬೇಕು, ಎಲ್ಲಿ ಬುತ್ತಿ ಬಿಚ್ಚಬೇಕು, ಯಾವ ಊರಿನ ನೀರು ಕುಡಿಯಬಾರದು, ಎಲ್ಲ ಅವರೇ ಬರೆದುಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಅವರು ಕೇಳುತ್ತಿದ್ದದ್ದು ಗಾಡಿಯ ಮುಂದಿನ ಸೀಟು ಮಾತ್ರ.

ಅವರದೊಂದು ಕಾನೂನಿತ್ತು. "ದಿನಕ್ಕ ಮೂರs ಜಾಗಾ. ನಾಕನೇದು ನೋಡಿದ್ರ ಮೊದಲನೇದು ಮರೀತೈತಿ." ಮೊಬೈಲಿನಲ್ಲಿ ದಾರಿ ನೋಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಅದು ಹತ್ರದ ದಾರಿ ತೋರಸ್ತೈತಿ, ಚಂದನ್ನ ದಾರಿ ತೋರಸಂಗಿಲ್ಲ" ಎನ್ನುತ್ತಿದ್ದರು. ಇನ್ನೊಂದು ಮಾತು ನನಗೆ ಬಹಳ ಇಷ್ಟ: "ದಾರಿ ಕೇಳೂದಿದ್ರ ಹೆಣ್ಣಮಕ್ಕಳಿಗೆ ಕೇಳ್ರಿ. ಗಂಡಸರು ಗೊತ್ತಿಲ್ಲಂದ್ರೂ ಹೇಳ್ತಾರ."

ನಾನು ಅವರ ಮುದ್ದಿನ ವಿದ್ಯಾರ್ಥಿನಿ. ನಕ್ಷೆ ಬರೆಯುವುದನ್ನು ಅವರ ಪಕ್ಕದಲ್ಲಿ ಮೊಣಕಾಲೂರಿ ಕೂತು ಕಲಿತೆ. ಒಮ್ಮೆ ನಮ್ಮ ಹೊಲದ ದಾರಿಯ ನಕ್ಷೆಯಲ್ಲಿ, ತಿರುವಿನ ಹತ್ತಿರ ಒಂದು ಎಮ್ಮೆಯ ಚಿತ್ರ ಬಿಡಿಸಿದ್ದೆ. ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಂಗಿ, ಗುರುತು ಅಂದ್ರ ಅಲುಗಾಡಬಾರ್ದು. ಎಮ್ಮಿ ನಿಂತಲ್ಲೆ ಬಲಕ್ಕ ತಿರುಗ್ರಿ ಅಂತ ಬರದ್ರ ಹೆಂಗ? ಬೇವಿನ ಗಿಡಾ ಬರಿ, ನೀರಿನ ಟಾಕಿ ಬರಿ." ಅಂದಿನಿಂದ ನನ್ನ ನಕ್ಷೆಗಳಲ್ಲಿ ಅಲುಗಾಡುವಂಥದ್ದು ಏನೂ ಇರಲಿಲ್ಲ.

ಗೋಕಾಕದ ಕಾಲೇಜಿನಲ್ಲಿ ಡಿಗ್ರಿ ಮುಗಿಯಿತು. ಧಾರವಾಡಕ್ಕೆ ಹೋಗಿ ಭೂಗೋಳದಲ್ಲಿ ಎಂ.ಎಸ್ಸಿ. ಮಾಡಬೇಕೆಂದು ಅರ್ಜಿ ತುಂಬಿದೆ. ಮನೆಯಲ್ಲಿ ಇದನ್ನು ಬಾಯಿಬಿಡುವ ಧೈರ್ಯವಿರಲಿಲ್ಲ. ಅಪ್ಪನದು ಬಟ್ಟೆ ಅಂಗಡಿ. ಗಿರಾಕಿಯ ಎದುರು ಬೆಣ್ಣೆ, ಮನೆಯಲ್ಲಿ ಕಲ್ಲು. ಹೀಗಾಗಿ ಅರ್ಜಿಯ ವಿಷಯ ನಾನು ಹೇಳಿದ್ದು ಒಬ್ಬರಿಗೇ, ಗೋಡೆಯಾಚೆಯ ಮಾಸ್ತರರಿಗೆ. ಅವರು ಅರ್ಜಿಯನ್ನು ಎರಡು ಸಲ ಓದಿ, ನನ್ನ ತಲೆಯ ಮೇಲೆ ಕೈಯಿಟ್ಟರು. "ನಿಮ್ಮಪ್ಪಗ ನಾ ಹೇಳ್ತೇನಿ. ನೀ ಚಿಂತಿ ಬಿಡು. ಆಷಾಢ ಒಂದ ಮುಗೀಲಿ."

ಓದಿನ ಮಾತಾಡಲು ಆಷಾಢ ಏಕೆ ಮುಗಿಯಬೇಕು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಹಿರಿಯರು, ಒಳ್ಳೆಯ ಗಳಿಗೆ ನೋಡುತ್ತಿರಬೇಕು ಎಂದುಕೊಂಡೆ.

ಶ್ರಾವಣ ಬಂತು. ಶನಿವಾರ, ಭಾನುವಾರ, ಸೋಮವಾರ ಮೂರು ದಿನ ಸಾಲು ರಜೆ. ದೀಪಾವಳಿ ಬಿಟ್ಟರೆ ಅಂಗಡಿಗೆ ಬೀಗ ಹಾಕದ ಅಪ್ಪ, "ಎಲ್ಲ್ಯರೆ ಅಡ್ಡಾಡಿ ಬರೂಣು" ಎಂದ. ಮಾಸ್ತರರು ಕ್ಯಾಲೆಂಡರ್ ಹಾಳೆ ಮಗುಚಿದರು. ಮೊದಲ ದಿನ ಗೋಕಾಕ ಫಾಲ್ಸ್, ಹಿಡಕಲ್ ಡ್ಯಾಮ್, ಹುಕ್ಕೇರಿಯ ಗುಂಬಜ. ರಾತ್ರಿ ಸಂಕೇಶ್ವರದಲ್ಲಿ ಅತ್ತೆಯ ಮನೆ. ಮರುದಿನ ಕೊಲ್ಲಾಪುರ. ಎಲ್ಲ ಸರಿಯಾಗಿಯೇ ಇತ್ತು. ಆದರೆ ಈ ಸಲ ಒಂದೊಂದು ಜಾಗದ ಪಕ್ಕದಲ್ಲೂ ಗಂಟೆ ಬರೆದಿದ್ದರು. ಹನ್ನೊಂದು, ಒಂದೂವರೆ, ನಾಲ್ಕೂವರೆ.

"ನೀರ ನೋಡಾಕ ಟೈಮ್ ಯಾಕ್ರಿ ಸರ್ರ?" ಎಂದೆ.

"ಮಳಿಗಾಲ ತಂಗಿ. ಮಂದಿ ಭಾಳ ಕೂಡ್ತಾರ."

ಹೊರಡುವ ದಿನ ಅವ್ವ ನನ್ನ ಹೊಸ ನೀಲಿ ಚೂಡಿಯನ್ನು ತೆಗೆದಿಟ್ಟಿದ್ದಳು. ಫಾಲ್ಸಿನ ಕೆಂಪು ನೀರು ಸಿಡಿಯುತ್ತದೆ, ಹಳೆಯದನ್ನು ಹಾಕಿಕೊಳ್ಳುತ್ತೇನೆ ಎಂದರೆ ಕೇಳಲಿಲ್ಲ. "ಒಂದ ದಿನಾ ನನ್ನ ಮಾತ ಕೇಳು" ಎಂದಳು. ಕೇಳಿದೆ.

ಫಾಲ್ಸಿನಲ್ಲಿ ಘಟಪ್ರಭೆ ತುಂಬಿ ಬೀಳುತ್ತಿದ್ದಳು. ನೂಲಿನ ಗಿರಣಿಯ ಕಡೆಯ ಕಟಾಂಜನದ ಹತ್ತಿರ ನಿಂತಿದ್ದಾಗ ಹಸಿರು ಸೀರೆಯ ಹೆಂಗಸೊಬ್ಬರು ಕೈ ಎತ್ತಿ, "ಅಯ್ಯ, ಮಾಸ್ತರ್ರ! ನೀವು ಇಲ್ಲೆ?" ಎಂದರು. ಮಾಸ್ತರರು ಬೆಚ್ಚಿಬಿದ್ದವರಂತೆ ತಿರುಗಿದರು. ಆ ಹೆಂಗಸು ನನ್ನ ಕೈ ಹಿಡಿದುಕೊಂಡು ಹೆಸರು ಕೇಳಿದರು, ಎಷ್ಟು ಓದಿದ್ದೀ ಎಂದು ಕೇಳಿದರು, ಚಹಾ ತಂದುಕೊಡಲು ಹೇಳಿ ನಾನು ನಡೆಯುವುದನ್ನು ನೋಡಿದರು. "ಮುಂದ ಏನ್ ಮಾಡಾಕಿ?" ಎಂದಾಗ ನಾನು ಬಾಯಿ ತೆರೆಯುವ ಮೊದಲೇ ಅವ್ವ, "ಈಗ ಮನ್ಯಾಗ ಅದಾಳ್ರಿ" ಎಂದಳು. ಅವರ ಜೊತೆಗಿದ್ದ ಕನ್ನಡಕದ ತರುಣ ಜಲಪಾತದ ಫೋಟೋ ತೆಗೆದ. ಜಲಪಾತಕ್ಕೆ ಬೆನ್ನು ಮಾಡಿ ನಾನು ನಿಂತಿದ್ದೆ.

ಹಿಡಕಲ್ಲಿನಲ್ಲಿ ಇನ್ನೊಂದು ಕುಟುಂಬ. ಅದೇ "ಅಯ್ಯ, ಮಾಸ್ತರ್ರ! ನೀವು ಇಲ್ಲೆ?" ಅದೇ ಬೆಚ್ಚುವಿಕೆ, ಅವೇ ಪ್ರಶ್ನೆಗಳು. ಈ ಮಂದಿಯೆಲ್ಲ ಮಾಸ್ತರರ ಹಳೆಯ ವಿದ್ಯಾರ್ಥಿಗಳಿರಬೇಕು, ಎಲ್ಲಿ ಹೋದರೂ ನಮ್ಮ ಮಾಸ್ತರರನ್ನು ಗುರುತಿಸುತ್ತಾರಲ್ಲ ಎಂದು ನಾನು ಹೆಮ್ಮೆಪಟ್ಟೆ. ದಡ್ಡತನಕ್ಕೂ ಒಂದು ಮಿತಿ ಬೇಕು. ನನಗೆ ಅವತ್ತು ಇರಲಿಲ್ಲ.

ಹುಕ್ಕೇರಿಯ ಗುಂಬಜದ ನೆರಳಿನಲ್ಲಿ ಮೂರನೆಯವರು ಕಾಯುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರು, ಬಿಳಿ ಟೋಪಿಯ ಒಕ್ಕಲುತನದ ಕಾಕಾ, ನಾಟಕ ಬಾರದ ಮನುಷ್ಯ. "ಅಯ್ಯ, ನೀವು ಇಲ್ಲೆ" ಎನ್ನುವ ಮಾತನ್ನು ಮರೆತೇಬಿಟ್ಟರೋ ಏನೋ. ನೇರ ನನ್ನ ಬಳಿ ಬಂದು, ಜೇಬಿನಿಂದ ಮಡಿಸಿದ ಕಾಗದ ಬಿಚ್ಚಿ, ಒಮ್ಮೆ ಕಾಗದ, ಒಮ್ಮೆ ನನ್ನ ಬಟ್ಟೆ ನೋಡಿದರು.

"ನೀಲಿ ಚೂಡಿ... ಇದs ಹುಡುಗಿ ಏನ್ರಿ ಮಾಸ್ತರ್ರ?"

"ಕೊಡ್ರಿ ಕಾಕಾ, ನೋಡೂಣು" ಎಂದು ಕಾಗದ ಇಸಿದುಕೊಂಡೆ. ನಮ್ಮ ಪ್ರವಾಸದ ನಕ್ಷೆಯ ಝೆರಾಕ್ಸ್. ಹುಕ್ಕೇರಿಯ ಚುಕ್ಕೆಯ ಮೇಲೆ ಮಾತ್ರ ಕೆಂಪು ಪೆನ್ಸಿಲಿನಲ್ಲಿ ಹೊಸದಾಗಿ ಬರೆದಿತ್ತು: "ಗುಂಬಜದ ಬಾಜೂ, ನಾಕೂವರಿಗೆ. ಗುರುತು: ನೀಲಿ ಚೂಡಿ."

ಆ ಅಕ್ಷರ ಯಾರದೆಂದು ನನಗೆ ಬೇರೆಯವರು ಹೇಳಬೇಕಿರಲಿಲ್ಲ. ನನಗೆ ಅಕ್ಷಾಂಶ, ರೇಖಾಂಶ ಕಲಿಸಿದ ಅಕ್ಷರ ಅದು. ಫಾಲ್ಸಿನವರ ಕೈಯಲ್ಲೊಂದು, ಹಿಡಕಲ್ಲಿನವರ ಕೈಯಲ್ಲೊಂದು ಇಂಥದೇ ಹಾಳೆ ಇದ್ದಿರಬೇಕು. ಅವ್ವನ ಮುಖ ನೋಡಿದೆ, ಅವಳು ಸೆರಗು ಸರಿಮಾಡಿಕೊಂಡಳು. ಅಪ್ಪ ಗುಂಬಜದ ತುದಿ ನೋಡುತ್ತಿದ್ದ. ಗಾಡಿಯ ಡ್ರೈವರನೂ ಬೇರೆ ಕಡೆ ತಿರುಗಿದ. ನಮ್ಮ ಗಾಡಿಯಲ್ಲಿ ಈ ಪ್ರವಾಸ ಏತಕ್ಕೆಂದು ಗೊತ್ತಿಲ್ಲದಿದ್ದವಳು ನಾನೊಬ್ಬಳೇ.

"ಸರ್ರ, ಇದ ನಿಮ್ಮ ಅಕ್ಷರ ಹೌದಲ್ರಿ?"

"ಹೌದ ತಂಗಿ." ಸುಳ್ಳು ಹೇಳಲಿಲ್ಲ, ಅಷ್ಟು ಮಾತ್ರ ಅವರ ಪುಣ್ಯ. "ನಿಮ್ಮಪ್ಪ ಕೈ ಹಿಡದ ಕೇಳಿದ. ಮನಿಗೆ ಕರಸಿದ್ರ ನೀ ಉಪ್ಪಿಟ್ಟಿನ ತಾಟ ಹಿಡಕೊಂಡ ಹೊರಗ ಬರಾಕಿ ಅಲ್ಲ ಅಂದ. ನೋಡಿದ್ರ ಹುಡುಗಿ ಸವೀತಾಳೇನು ಅಂದ. ಹೆಂಗೂ ಅಡ್ಡಾಡಾಕ ಹೊಂಟೇವಿ, ದಾರ್ಯಾಗ..."

"ಅಪ್ಪಗ ಧಾರವಾಡದ ಮಾತ ಹೇಳಿದ್ರೇನ್ರಿ?"

ಮಾಸ್ತರರ ಹೆಬ್ಬೆರಳಿನ ಉಗುರು ಅಂಗಿಯ ಗುಂಡಿಯ ಮೇಲೆ ಸುಮ್ಮನೆ ಓಡಾಡುತ್ತಿತ್ತು. ಹೇಳಿರಲಿಲ್ಲ.

ನನಗೆ ಅಪ್ಪನ ಮೇಲೆ ಅಷ್ಟು ಸಿಟ್ಟು ಬರಲಿಲ್ಲ ಎಂದರೆ ನಂಬಬೇಕು. ಅಪ್ಪ ಅಪ್ಪನ ಕೆಲಸ ಮಾಡಿದ್ದ. ಅವನು ನನಗೆ ಮಾತು ಕೊಟ್ಟಿರಲಿಲ್ಲ, ನಾನೂ ಅವನಿಗೆ ಗುಟ್ಟು ಹೇಳಿರಲಿಲ್ಲ. ಗುಟ್ಟು ಹೇಳಿದ್ದು ಇವರಿಗೆ. ನನ್ನ ಆಸೆಯನ್ನು ಎರಡು ಸಲ ಓದಿದ ಕಣ್ಣುಗಳೇ ನನ್ನನ್ನು ಒಂದು ಬೇವಿನ ಗಿಡವೆಂದು, ಒಂದು ನೀರಿನ ಟಾಕಿಯೆಂದು ಬರೆದುಬಿಟ್ಟಿದ್ದವು. ಎದೆ ಉರಿಯಿತು. ಈಗ ಬರೆಯುವಾಗಲೂ ಉರಿಯುತ್ತದೆ.

"ಕಾಕಾ," ಎಂದೆ ಟೋಪಿಯವರಿಗೆ, "ನನಗ ಧಾರವಾಡಕ್ಕ ಓದಾಕ ಹೋಗೂದೈತ್ರಿ. ನಮ್ಮ ಮಾಸ್ತರ್ರಿಗೆ ಅದು ಗೊತ್ತಿತ್ತು. ನಿಮಗ ಹೇಳಿಲ್ಲಂದ್ರ ನಿಮಗೂ ಮೋಸಾನs ಮಾಡ್ಯಾರ." ಅವ್ವ ನನ್ನ ರಟ್ಟೆ ಹಿಡಿದು ಜಗ್ಗಿದಳು. ಕಾಕಾ "ಖರೆ ಹೇಳ್ತಾಳ್ರಿ ಹುಡುಗಿ" ಎಂದು ತಮ್ಮವರನ್ನು ಕರೆದುಕೊಂಡು ಹೊರಟರು.

ಗುರುತು ಅಲುಗಾಡಬಾರದು. ನಾನು ಅಲುಗಾಡಿದೆ. ಝೆರಾಕ್ಸ್ ಕೈಯಲ್ಲಿ ಹಿಡಿದುಕೊಂಡೇ ಹುಕ್ಕೇರಿಯ ಬಸ್ ಸ್ಟ್ಯಾಂಡಿಗೆ ನಡೆದೆ. ಹಿಂದಿನಿಂದ ಅಪ್ಪ ಕೂಗಿದ, ತಿರುಗಲಿಲ್ಲ. ಅಲ್ಲಿಂದ ಗೋಕಾಕ, ಗೋಕಾಕದಲ್ಲಿ ಬಸ್ ಬದಲಿಸಿ ಮೂಡಲಗಿ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು, ಆದರೆ ಒಬ್ಬರನ್ನೂ ದಾರಿ ಕೇಳಲಿಲ್ಲ. ಯಾವ ತಿರುವಿನ ಆಚೆ ಯಾವ ಹಳ್ಳಿ, ಇನ್ನೆಷ್ಟು ಉಗುರು ಉಳಿದಿದೆ, ಎಲ್ಲ ನನಗೆ ಬಾಯಿಪಾಠ. ಯಾರ ಮೇಲೆ ಹಲ್ಲು ಕಡಿಯುತ್ತ ಬಸ್ಸಿನಲ್ಲಿ ಕೂತಿದ್ದೆನೋ ಅವರು ಕಲಿಸಿದ ದಾರಿಯಲ್ಲೇ ಮನೆಗೆ ಬಂದೆ. ಅದು ಇನ್ನೊಂದು ಸಂಕಟ.

ನಮ್ಮ ಮನೆಗೆ ಬೀಗವಿತ್ತು. ಮಾಸ್ತರರ ಹೆಂಡತಿ, ನಾವೆಲ್ಲ ಕಾಕು ಎನ್ನುವವರು, ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ನಡೆದದ್ದನ್ನು ಕೇಳಿ ಸುಲಿದ ಕಾಳು ಮಡಿಲಲ್ಲೇ ಬಿಟ್ಟು ಎದ್ದರು. ಕಾಳೆಲ್ಲ ಚೆಲ್ಲಿದವು. ಅವರಿಗೂ ಹೇಳಿರಲಿಲ್ಲವಂತೆ.

ಹುಕ್ಕೇರಿಯ ಸುದ್ದಿ ಹುಕ್ಕೇರಿಯಲ್ಲೇ ಉಳಿಯಲಿಲ್ಲ. ಹುಡುಗಿಯ ಬಾಯಿ ಜೋರು ಎಂದು ಮೂರೂ ತಾಲೂಕಿನಲ್ಲಿ ಡಂಗುರವಾಯಿತು. ಕನ್ಯೆ ಕೇಳಿಕೊಂಡು ಯಾರೂ ಬರದ ಮೇಲೆ ಅಪ್ಪ, "ಹಂಗಾರ ಓದ್ಲಿ ತಗೋ, ಮನ್ಯಾಗ ಕುಂತ ಏನ್ ಮಾಡಾಕಿ" ಎಂದ. ಹಾಗೆ ನಾನು ಧಾರವಾಡಕ್ಕೆ ಹೋದೆ. ಮಾಸ್ತರರು ಕೊಟ್ಟ ಮಾತಿನಿಂದಲ್ಲ, ನಾನು ಆಡಿದ ಮಾತಿನಿಂದ.

ಅಂದಿನಿಂದ ಅವರೊಂದಿಗೆ ಮಾತು ಬಿಟ್ಟೆ, ಅವರತ್ತ ಕಣ್ಣೆತ್ತಿ ನೋಡಲೂ ಇಲ್ಲ. ಒಂದು ಸಲ ರಜೆಗೆ ಬಂದು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಗೋಡೆಯಾಚೆಯಿಂದ ಅವರ ದನಿ ಕೇಳಿಸಿತು. "ತಂಗಿ, ಧಾರವಾಡದಾಗ ಏನೇನ್ ನೋಡಿದಿ?" ನಾನು ಆ ಊರನ್ನು ಮೂಲೆ ಮೂಲೆ ಸುತ್ತಿದ್ದೆ. ನೋಟ್‌ಬುಕ್ಕಿನ ತುಂಬ ನಕ್ಷೆಗಳಿದ್ದವು. "ಏನೂ ನೋಡಿಲ್ರಿ" ಎಂದು ಬಕೆಟ್ ಎತ್ತಿಕೊಂಡು ಒಳಗೆ ಹೋದೆ. ಅವರು ಮತ್ತೆ ಕೇಳಲಿಲ್ಲ.

ಈಗ ನಾನು ಹುಕ್ಕೇರಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಹೋದ ವರ್ಷ ಮಾಸ್ತರರು ತೀರಿಕೊಂಡರು. ಹೋಗಬಾರದೆಂದುಕೊಂಡಿದ್ದೆ, ಹೋದೆ. ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಗೋಡೆಗೆ ಆನಿಸಿ ಕೂರಿಸಿದ್ದರು. ತೊಡೆಯ ಮೇಲಿದ್ದ ಬಲಗೈಯತ್ತ ನನ್ನ ಕಣ್ಣು ತಾನಾಗಿ ಹೋಯಿತು. ಹತ್ತೂ ಉಗುರು ಒಂದೇ ಅಳತೆ. ಹೆಬ್ಬೆರಳಿನದೂ ನುಣ್ಣಗೆ ತೆಗೆದಿತ್ತು.

ನಾನು ನೋಡಿದ್ದನ್ನು ಕಾಕು ನೋಡಿದರು. "ಅವತ್ತ ಹುಕ್ಕೇರಿಯಿಂದ ಬಂದವರs ಬ್ಲೇಡ್ ತಗೊಂಡ್ರವ್ವಾ. ಮತ್ತ ಬೆಳಸಲಿಲ್ಲ. ಯಾರ ಬಂದ ಕೇಳಿದ್ರೂ ನಕ್ಷೆ ಬರದ ಕೊಡಲಿಲ್ಲ."

ಕ್ಷಮಿಸಿದ್ದೇನೆಯೇ ಎಂದು ಕೇಳಿದರೆ, ಇಲ್ಲ. ಆ ಝೆರಾಕ್ಸ್ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ, ಕೆಂಪು ಅಕ್ಷರ ಮಾಸಿಲ್ಲ. ನಾನು ಮಕ್ಕಳಿಗೆ ನಕ್ಷೆ ಕಲಿಸುವಾಗ ಹೆಬ್ಬೆರಳನ್ನು ಹಾಳೆಯ ಮೇಲೆ ನಡೆಸುತ್ತೇನೆ, ಅದು ಅವರ ಋಣ, ಅದನ್ನೂ ಇಲ್ಲವೆನ್ನಲಾರೆ. ಆದರೆ ಅವತ್ತು ಗೋಡೆಯಾಚೆಯಿಂದ ಅವರು ಕೇಳಿದಾಗ ಧಾರವಾಡದಲ್ಲಿ ನಾನು ನೋಡಿದ್ದನ್ನು ಹೇಳಬಹುದಿತ್ತು. ಎಲ್ಲವನ್ನೂ ಅಲ್ಲ. ಮೂರೇ ಜಾಗ.