ಚೀಟಿಯ ಮೇಲೆ ರಾವ್ದ್ನಾ

ನಲವತ್ತು ವರ್ಷದಿಂದ ವಿಜ್ಞಾನಿಗಳು ಉತ್ತರ ನಾರ್ವೆಯ ನಮ್ಮ ಪೊರ್ಸಾಂಗರ್ ಕೊಲ್ಲಿಗೆ ಬಂದು ನಮ್ಮೂರ ಮುದುಕಿ ರಾವ್ದ್ನಾ ಹಿಡಿದ ಮೀನು ಒಯ್ಯುತ್ತಿದ್ದಾರೆ. ಒಂದು ಡಬ್ಬಿಯ ಚೀಟಿಯಲ್ಲೂ ಅವಳ ಹೆಸರಿಲ್ಲ. ‘ಸಂಗ್ರಹ: ಸ್ಥಳೀಯ ನೆರವು’ ಅಂತೆ! ನನ್ನ ಹೊಟ್ಟೆ ಉರಿಯುವುದು ಇಲ್ಲೇ. ಅವಳು ಉರಿದುಕೊಳ್ಳಲಿಲ್ಲ. ಈ ಸಲ ಹೆಸರು ಬರೆಸಿಯೇ ಬಿಡುವುದೆಂದು ತೀರ್ಮಾನಿಸಿದಳು, ಅಷ್ಟೆ.

ಮಾರ್ಚಿನಲ್ಲಿ ಬಂದವಳು ತ್ರೋಮ್ಸೋದ ಸಂಶೋಧಕಿ ಗುನ್‌ವೋರ್. ಮಂಜುಗಡ್ಡೆಯ ಕೆಳಗೆ ಈಜುವ ಧ್ರುವ ಕಾಡ್ ಮೀನಿನ ರಕ್ತ ಚಳಿಗೆ ಮಂಜುಗಟ್ಟದಂತೆ ಕಾಯುವ ಪ್ರೋಟೀನು ಒಂದಿದೆ. ಅದರ ವಂಶವಾಹಿ ಯಾವ ಹಳೆಯ ವಂಶವಾಹಿಯ ನಕಲೂ ಅಲ್ಲವಂತೆ. ಏನನ್ನೂ ತಯಾರಿಸದೆ ಸುಮ್ಮನೆ ಬಿದ್ದಿದ್ದ ಡಿಎನ್‌ಎ ತುಣುಕು ಚೂರುಚೂರೇ ಬದಲಾಗಿ ಹುಟ್ಟಿದ್ದಂತೆ. ಅದೇ ತುಣುಕು ಕಾಡ್‌ನ ನೆಂಟ ಹ್ಯಾಡಕ್ ಮೀನಿನಲ್ಲಿ ಇನ್ನೂ ಸುಮ್ಮನಿದೆಯೇ ಎಂದು ನೋಡಲು ಎರಡೂ ಮೀನು ಜೀವಂತ ಬೇಕು. ರಾವ್ದ್ನಾ ಒಂದು ಕಾಡ್, ಮೂರು ಹ್ಯಾಡಕ್ ಹಿಡಿದು ತಂದಳು.

“ಅಂದ್ರೆ, ಕಸದಿಂದ ಬಂತು ಅಂತೀಯಾ?” ನಮ್ಮ ಕಡೆಯ ರೂಢಿಯಂತೆ ಕಾಫಿಗೆ ಚೀಸ್ ತುಂಡು ಹಾಕುತ್ತ ರಾವ್ದ್ನಾ ಕೇಳಿದಳು.

“ಮೊದ್ಲು ಕಸ ಅಂತಾನೇ ಕರೀತಿದ್ರು ಅಜ್ಜಿ.”

“ಓದಕ್ ಬರ್ದೇ ಇರೋರು ಹಂಗೇ ಅನ್ನೋದು, ಬಿಡು. ನೋಡು ಮಗಾ, ಎರಡನ್ನೂ ಐಸಿನ ಬಕೆಟ್ಟಿಗೆ ಹಾಕ್ಬೇಡ. ಕಾಡ್ ಬದುಕುತ್ತೆ, ಹ್ಯಾಡಕ್ ಕಟ್ಟಿಗೆ ಆಗುತ್ತೆ.”

ಗುನ್‌ವೋರ್ ಥರ್ಮಾಮೀಟರ್ ತೋರಿಸಿ ನಕ್ಕಳು. ಎರಡನ್ನೂ ಐಸಿಗೆ ಹಾಕಿಯೇಬಿಟ್ಟಳು. ಊಟ ಮುಗಿಸಿ ಬರುವಷ್ಟರಲ್ಲಿ ಕಾಡ್ ಬಾಲ ಆಡಿಸುತ್ತಿತ್ತು, ಮೂರೂ ಹ್ಯಾಡಕ್ ಸೆಟೆದುಕೊಂಡಿದ್ದವು. ಮರುದಿನ ಮಧ್ಯಾಹ್ನ ಅವಳು ಹೊರಡಬೇಕು. ಹುಡುಗಿಯ ಮುಖ ಬಿಳಿಚಿತು.

ಬೆಳಿಗ್ಗೆ ರಾವ್ದ್ನಾ ಒಬ್ಬಳೇ ಹೊರಕೊಲ್ಲಿಗೆ ದೋಣಿ ಹಾಕಿದಳು. ಐಸಿಲ್ಲದ ನೀರಿನಲ್ಲಿ, ಮುಚ್ಚಳ ಮುಚ್ಚಿ, ನಾಲ್ಕು ಹ್ಯಾಡಕ್ ತಂದಳು. ಬಕೆಟ್ಟಿನ ಮೇಲೆ ತಾನೇ ಕೂತಳು.

“ಎದ್ದೇಳಿ ಅಜ್ಜಿ, ಬಸ್ಸಿಗೆ ಹೊತ್ತಾಯ್ತು!”

“ಚೀಟಿ ಓದು.”

“ಸಂಗ್ರಹ... ಸ್ಥಳೀಯ ನೆರವು.”

“ಅವ್ಳ್ಯಾರೇ ಅದು? ನಮ್ಮೂರಲ್ಲಿ ಆ ಹೆಸ್ರಿನೋಳು ಯಾರೂ ಇಲ್ವಲ್ಲ!”

ಗುನ್‌ವೋರ್ ಕೆಂಪಾದಳು. ಚೀಟಿಯನ್ನು ಹರಿದು ಹೊಸದು ಬರೆದಳು: ಸಂಗ್ರಹ, ರಾವ್ದ್ನಾ. ಮುದುಕಿ ಅಲುಗಲಿಲ್ಲ.

“ಐಸಿನ ವಿಷ್ಯ ಯಾರು ಹೇಳಿದ್ದು ಅಂತಾನೂ ಬರಿ. ನಿನ್ನ ದೊಡ್ಡ ಪುಸ್ತಕದಲ್ಲಿ.”

ಗುನ್‌ವೋರ್ ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡಳು. ರಾವ್ದ್ನಾ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳತೊಡಗಿದಳು. ಬಸ್ಸು ಮೇಲಿನ ರಸ್ತೆಯಲ್ಲಿ ಹಾದುಹೋಯಿತು. ಇಬ್ಬರೂ ತಲೆ ಎತ್ತಲಿಲ್ಲ.