ಬಿಸಿಲಿಗೆ ಮೀಟರಿಲ್ಲ

ನಮ್ಮ ಮನೆಯಲ್ಲಿ ಬಟ್ಟೆ ಒಣಗಿಸುವ ಯಂತ್ರವೊಂದಿದೆ ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚ. ಮನೆಯಲ್ಲಿ ಕಾರಿದೆ ಎಂದರೆ ಜನ ತಲೆದೂಗುತ್ತಾರೆ, ನಾಯಿ ಇದೆ ಎಂದರೆ ಯಾವ ಜಾತಿಯದೆಂದು ಕೇಳುತ್ತಾರೆ. ಡ್ರೈಯರ್ ಇದೆ ಎಂದರೆ ಮಾತ್ರ ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ಆಕಾಶ ನೋಡುತ್ತಾರೆ. ಪಾಲಹಳ್ಳಿಯ ಆಕಾಶದಲ್ಲಿ ಬಿಸಿಲಿಗೇನೂ ಬರವಿಲ್ಲ. ಇಂಥ ಊರಿನಲ್ಲಿ ಕರೆಂಟು ಸುಟ್ಟು ಚಡ್ಡಿ ಬನಿಯನ್ನು ಒಣಗಿಸುವವನ ಬುದ್ಧಿಯ ಬಗ್ಗೆ ಅವರಿಗೆ ಅನುಮಾನ ಬಂದರೆ ತಪ್ಪೇನಿಲ್ಲ.

“ವಾಷಿಂಗ್ ಮಿಸನ್ನಲ್ಲೇ ಡ್ರೈಯರ್ ಇರ್ತದಲ್ಲ, ಅದೇ ತಾನೆ?” ಎಂದು ಕೆಲವರು ನನ್ನ ಮಾನ ಉಳಿಸಲು ನೋಡುತ್ತಾರೆ. ಅದಲ್ಲ. ಅದು ಬಟ್ಟೆಯನ್ನು ಗಿರ್ರನೆ ತಿರುಗಿಸಿ ಹಿಂಡಿ ಕೊಡುತ್ತದೆ, ಅಷ್ಟೆ. ಇದು ಬೇರೆಯದೇ ಪೆಟ್ಟಿಗೆ. ಹಸಿ ಬಟ್ಟೆ ತುಂಬಿ ಗುಂಡಿ ಒತ್ತಿದರೆ ಒಂದೂವರೆ ಗಂಟೆ ಬಿಸಿಗಾಳಿ ಊದಿ, ತೆಗೆದು ನೇರವಾಗಿ ಮೈಮೇಲೆ ಹಾಕಿಕೊಳ್ಳುವ ಹಾಗೆ ಮಾಡಿ ಕೊಡುತ್ತದೆ. ಅಷ್ಟೂ ಹೊತ್ತು ಜಗಲಿಯ ಮೇಲಿನ ಮೀಟರಿನ ಕೆಂಪು ದೀಪ ಕಣ್ಣು ಮಿಟುಕಿಸುತ್ತಲೇ ಇರುತ್ತದೆ.

ಇದನ್ನು ತಂದದ್ದು ನನ್ನ ಶೋಕಿಗಲ್ಲ, ಅವ್ವನ ಸೊಂಟಕ್ಕಾಗಿ. ಅವ್ವನಿಗೆ ಎಪ್ಪತ್ತಾರು ವರ್ಷ. ಅಡುಗೆಮನೆಯನ್ನು ನನ್ನ ಹೆಂಡತಿ ಸುಮಿತ್ರಳಿಗೂ ವ್ಯವಹಾರವನ್ನು ನನಗೂ ಬಿಟ್ಟುಕೊಟ್ಟ ಅವ್ವ, ಬಟ್ಟೆ ಒಣಹಾಕುವ ಅಧಿಕಾರವನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನಾವು ಒಣಹಾಕಿದರೆ ಅವಳು ಮತ್ತೆ ತೆಗೆದು ಕೊಡವಿ ಹಾಕುವಳು. ಅಂಗಿಯನ್ನು ಹೆಗಲಿನಿಂದ ನೇತುಹಾಕಿದವರು ಅವಳ ಲೆಕ್ಕದಲ್ಲಿ ಬಾಳಲು ಬಾರದವರು.

ನಮ್ಮ ಮನೆ ಪೂರ್ವಕ್ಕೂ ದಕ್ಷಿಣಕ್ಕೂ ಎರಡಂತಸ್ತಿನ ಮನೆಗಳ ನಡುವೆ ಸಿಕ್ಕಿಕೊಂಡಿದೆ. ಕೆಳಗೆ ಅಂಗಳದಲ್ಲಿ ಬಿಸಿಲು ಬೀಳುವುದಿಲ್ಲ. ಒಣಹಾಕುವುದಾದರೆ ತಾರಸಿಯ ಮೇಲೆಯೇ. ಸಾಲದ್ದಕ್ಕೆ ಗದ್ದೆ ಬಯಲಿನಲ್ಲಿ ಎರಡು ಆಲೆಮನೆಗಳಿವೆ. ಬೆಲ್ಲದ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿಯತೊಡಗಿ ಗಾಳಿ ನಮ್ಮ ಕಡೆ ತಿರುಗಿತೋ, ಕರಿ ಹಾರಿಬಂದು ಬಿಳಿ ಬಟ್ಟೆಯನ್ನೇ ಹುಡುಕಿಕೊಂಡು ಕೂರುತ್ತದೆ. ಅದನ್ನು ಒರೆಸಲು ಹೋದರೆ ಕೆಟ್ಟಿತು, ಚುಕ್ಕೆ ಹೋಗಿ ಗೆರೆಯಾಗುತ್ತದೆ. ಆದ್ದರಿಂದ ಅವ್ವ ಜಗಲಿಯಲ್ಲಿ ಕೂತು ಹೊಗೆ ಯಾವ ಕಡೆ ಬಾಗುತ್ತಿದೆ ಎಂದು ನೋಡುತ್ತಿದ್ದಳು. ಇತ್ತ ಬಾಗಿದರೆ ಎದ್ದು ಮೇಲಕ್ಕೆ ಓಡುವಳು, ಅತ್ತ ತಿರುಗಿದರೆ ಮತ್ತೆ ಹೋಗಿ ಹರವುವಳು. ದಿನಕ್ಕೆ ಐದಾರು ಸಲ ಇದೇ ಕವಾಯತು.

ಮೂರು ವರ್ಷದ ಹಿಂದೆ ಹೀಗೆ ಇಳಿಯುವಾಗ ಮೇಲಿನಿಂದ ನಾಲ್ಕನೇ ಮೆಟ್ಟಿಲಲ್ಲಿ ಜಾರಿಬಿದ್ದಳು. ಆ ಮೆಟ್ಟಿಲಿಗೆ ಕಂಬಿ ಹಾಕಿಸಬೇಕೆಂದು ನಾನು ಆರು ವರ್ಷದಿಂದ ಯೋಚಿಸುತ್ತಿದ್ದೆ. ಅವಳು ಬಿದ್ದ ವಾರದೊಳಗೇ ಹಾಕಿಸಿದೆ, ನನ್ನ ಚುರುಕುತನ ಅಷ್ಟರದು. ಸೊಂಟದ ಮೂಳೆಗೆ ಪೆಟ್ಟಾಗಿ ಮೂರು ತಿಂಗಳು ಹಾಸಿಗೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನೊಂದು ಸಲ ಬಿದ್ದರೆ ಇವರು ಏಳುವುದು ಕಷ್ಟ ಎಂದರು. ಮೇಲೆ ಹಗ್ಗದಲ್ಲಿ ಬಟ್ಟೆಯಿದ್ದರೆ ಅವ್ವ ಕೆಳಗೆ ಕೂರುವವಳಲ್ಲ. ಸುಮಿತ್ರ ಬೆಳಿಗ್ಗೆ ಪಾಂಡವಪುರದ ಶಾಲೆಗೆ, ನಾನು ಕೆ.ಆರ್.ಎಸ್.ನ ಕಚೇರಿಗೆ ಹೋದರೆ ಸಂಜೆಯವರೆಗೆ ಅವಳನ್ನು ತಡೆಯುವವರಿಲ್ಲ. ಮೇಲೆ ಬಟ್ಟೆಯೇ ಇಲ್ಲದಂತೆ ಮಾಡುವುದೊಂದೇ ದಾರಿ ಎಂದು ಡ್ರೈಯರ್ ತಂದೆ.

ಅವ್ವ ಅದನ್ನು ವಿರೋಧಿಸುತ್ತಾಳೆಂದುಕೊಂಡಿದ್ದೆ. ವಿರೋಧಿಸಲಿಲ್ಲ. “ಗಾಳಿ ಡಬ್ಬ” ಎಂದು ಹೆಸರಿಟ್ಟು ವಾರದಲ್ಲಿ ಗುಂಡಿಗಳನ್ನೆಲ್ಲ ಕಲಿತಳು. ಸ್ವಲ್ಪ ಜಾಸ್ತಿಯೇ ಕಲಿತಳು. ಒಂದು ದಿನ ಮೊಳಕೆ ಕಟ್ಟಿದ ರಾಗಿಯನ್ನು ಹಿಟ್ಟು ಮಾಡಿಸುವ ಮೊದಲು ಒಣಗಿಸಬೇಕಿತ್ತು, ಮೋಡ ಮುಚ್ಚಿತ್ತು. ಅವ್ವ ರಾಗಿಯನ್ನು ನನ್ನ ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ಡಬ್ಬದೊಳಗೆ ಹಾಕಿ ಬಾಗಿಲು ಮುಚ್ಚಿದಳು. ಪಂಚೆ ನನ್ನಷ್ಟೇ ವಯಸ್ಸಾದದ್ದು, ಹತ್ತು ನಿಮಿಷವೂ ತಡೆಯಲಿಲ್ಲ. ಮುಂದಿನ ಒಂದು ತಿಂಗಳು ನಮ್ಮ ಜೇಬು, ಕಾಲರು, ಕಾಲುಚೀಲಗಳಲ್ಲೆಲ್ಲ ರಾಗಿ. ಸಾಹೇಬರ ಮೇಜಿನ ಮೇಲೆ ಕಡತವಿಡಲು ಬಗ್ಗಿದಾಗ ನನ್ನ ಜೇಬಿನಿಂದ ನಾಲ್ಕು ಕಾಳು ಉದುರಿದವು. ಅವರು ಕಾಳನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಕೇಳದೆ ಸಹಿ ಹಾಕಿದರು. ಸರ್ಕಾರಿ ನೌಕರಿಯಲ್ಲಿ ಇಂಥ ಸೌಜನ್ಯ ಅಪರೂಪ.

ಅದು ತಿರುಗುವಾಗ ಮುಂದೆ ಕೂತು ನಾನು ಒಮ್ಮೊಮ್ಮೆ ವೇದಾಂತಕ್ಕೂ ಇಳಿಯುವುದುಂಟು. ನಮ್ಮೂರ ಪಕ್ಕದಲ್ಲೇ ಕಾವೇರಿಯನ್ನು ಕಟ್ಟೆ ಕಟ್ಟಿ ನಿಲ್ಲಿಸಿದ್ದಾರೆ. ಅಲ್ಲಿಂದ ಬಿಟ್ಟ ನೀರು ಕೆಳಗೆ ಶಿವನಸಮುದ್ರಕ್ಕೆ ಹೋಗಿ, ಬೆಟ್ಟದಿಂದ ಧುಮುಕಿ ಕರೆಂಟಾಗುತ್ತದೆ. ಹಿಂದೆ ಆ ಕರೆಂಟು ದೂರದ ಕೋಲಾರಕ್ಕೆ ಹೋಗಿ ಭೂಮಿಯ ಹೊಟ್ಟೆಯಿಂದ ಚಿನ್ನ ತೆಗೆಯುತ್ತಿತ್ತಂತೆ. ಈಗ ಅದರದೊಂದು ಎಳೆ ತಂತಿ ಹಿಡಿದು ಪಾಲಹಳ್ಳಿಗೆ ವಾಪಸು ಬಂದು ನನ್ನ ಬನಿಯನ್ನಿನಿಂದ ನೀರು ತೆಗೆಯುತ್ತದೆ. ನೀರಿನಿಂದ ಹುಟ್ಟಿದ್ದು ನೀರನ್ನೇ ಓಡಿಸಲು ಇಷ್ಟು ದೂರ ಅಲೆಯಬೇಕೆ ಎಂದು ನನಗೇ ನಾಚಿಕೆಯಾಗುತ್ತಿತ್ತು. ಆದರೆ ಅವ್ವ ಕೆಳಗೇ ಇದ್ದಾಳಲ್ಲ ಎಂದು ನಾಚಿಕೆಯನ್ನು ನುಂಗಿಕೊಳ್ಳುತ್ತಿದ್ದೆ.

ತೊಂದರೆ ಶುರುವಾದದ್ದು ಕಳೆದ ಚಳಿಗಾಲದಲ್ಲಿ. ಸರ್ಕಾರ ಮನೆಗಳಿಗೆ ತಿಂಗಳಿಗೆ ಇಂತಿಷ್ಟು ಯೂನಿಟ್ ಉಚಿತವೆಂದ ಮೇಲೆ ನಮ್ಮ ಬೀದಿಯಲ್ಲಿ ಸೊನ್ನೆ ಬಿಲ್ಲು ಒಂದು ಮರ್ಯಾದೆಯ ವಿಷಯ. ಮಿತಿ ದಾಟಿದರೆ ದಾಟಿದಷ್ಟಕ್ಕೆ ಮಾತ್ರವಲ್ಲ, ಬುಡದಿಂದ ಕೊಡಬೇಕು. ಗ್ಯಾಸು ದುಬಾರಿಯೆಂದು ನಾವು ಕರೆಂಟಿನ ಒಲೆ ತಂದಿದ್ದೆವು. ಚಳಿಗೆ ಗೀಸರು ಹೆಚ್ಚು ಹೊತ್ತು ಉರಿಯಿತು. ಯೂನಿಟ್ಟಿನ ದರವೂ ಏರಿತ್ತು. ಇವುಗಳ ಮೇಲೆ ದಿನಾ ಡ್ರೈಯರು. ಮೀಟರು ಓದುವವನು ಜಗಲಿಯಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ, “ಇದೇನಣ್ಣ, ಮನೇಲಿ ಮಿಲ್ಲು ಗಿಲ್ಲು ಇಟ್ಟಿದ್ದೀರಾ?” ಎಂದು ಬಿಲ್ಲನ್ನು ಕೈಗಿತ್ತ. ಅದರ ಮೇಲೆ ನಾಲ್ಕಂಕಿ ಇತ್ತು.

ಅವ್ವ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವಳಿಗೆ ಓದಲು ಬಾರದು, ಆದರೆ ನನ್ನ ಮುಖ ಓದಲು ಬರುತ್ತದೆ.

“ಬಿಸ್ಲಿಗೆ ಯಾರೂ ಮೀಟ್ರು ಇಕ್ಕಿಲ್ಲ ಕಣ್ಲಾ,” ಅಂದಳು.

“ಮೆಟ್ಲು ಅತ್ತೋ ಮಾತು ಮಾತ್ರ ಆಡ್ಬೇಡ ಕಣವ್ವ,” ಅಂದೆ.

“ನಾ ಅತ್ತೀನಿ ಅಂದ್ನಾ?” ಎಂದು ಒಳಗೆ ಹೋದಳು.

ಮಿತವ್ಯಯದ ಜವಾಬ್ದಾರಿಯನ್ನು ನಾನೇ ಹೊತ್ತುಕೊಂಡೆ. ನನ್ನ ಉಪಾಯ ಸರಳವಾಗಿತ್ತು. ಡ್ರೈಯರಿನ ಹೊತ್ತನ್ನು ಅರ್ಧಕ್ಕೆ ಇಳಿಸಿ, ಅದರ ಬಾಗಿಲ ಮೇಲೆ ಹಾಗೆಂದು ಚೀಟಿ ಅಂಟಿಸಿದೆ. ಉಳಿದ ಹಸಿಯನ್ನು ಫ್ಯಾನಿನ ಗಾಳಿ ನೋಡಿಕೊಳ್ಳಲಿ ಎಂದೆ. ಮುಂದಿನ ತಿಂಗಳು ಬಿಲ್ಲು ಸೊನ್ನೆ. ಅದರ ಮುಂದಿನ ತಿಂಗಳೂ ಸೊನ್ನೆ.

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಕಚೇರಿಯಲ್ಲಿ, ಬಸ್ಸಿನಲ್ಲಿ, ಅಣೆಕಟ್ಟೆಯ ಹತ್ತಿರದ ಟೀ ಹೋಟೆಲಿನಲ್ಲಿ ಸಿಕ್ಕಿದವರಿಗೆಲ್ಲ ಉಪನ್ಯಾಸ. ಯಂತ್ರ ತಪ್ಪಲ್ಲ, ಅದನ್ನು ನಡೆಸುವ ವಿವೇಕ ಬೇಕು ಎನ್ನುತ್ತಿದ್ದೆ. ಕೆ.ಆರ್. ಪೇಟೆಯಿಂದ ಬರುವ ನನ್ನ ಸಹೋದ್ಯೋಗಿ ಶಿವಣ್ಣ ಈ ತತ್ವವನ್ನು ತನ್ನ ಗೀಸರಿಗೆ ಅನ್ವಯಿಸಿ, ಹೊತ್ತನ್ನು ಅರ್ಧ ಮಾಡಿ, ಮೂರು ದಿನ ಮೂಗು ಸುರಿಸಿಕೊಂಡು ಕಚೇರಿಗೆ ಬಂದ. ನಾನು ಅವನ ನಿಷ್ಠೆ ಸಾಲದು ಎಂದೆ. ಮನೆಯಲ್ಲೂ ರಾತ್ರಿ ಊಟಕ್ಕೆ ಕೂತಾಗ ಇದೇ ಮಾತು. ಸುಮಿತ್ರ ತಲೆತಗ್ಗಿಸಿ ಮುದ್ದೆ ಮುರಿಯುತ್ತಿದ್ದಳು. ಅವ್ವ ಮಾತ್ರ ಹೂಂಗುಟ್ಟುತ್ತ ಪೂರ್ತಿ ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಕಚೇರಿಯಲ್ಲಿ ನನ್ನ ಬಿಳಿ ಅಂಗಿಯ ತೋಳಿನ ಮೇಲೆ ಒಂದು ಕರಿ ಚುಕ್ಕೆ ಕಂಡಿತು. ಬೆರಳಿನಿಂದ ತಟ್ಟಿದೆ. ಚುಕ್ಕೆ ಗೆರೆಯಾಯಿತು. ಆ ಗೆರೆಯನ್ನು ನೋಡುತ್ತ ಕೂತವನಿಗೆ ನಿಧಾನವಾಗಿ ಅರ್ಥವಾಯಿತು. ಇದು ಆಲೆಮನೆಯ ಕರಿ. ಡ್ರೈಯರ್ ಇರುವುದು ನಡುಮನೆಯಲ್ಲಿ, ಅದಕ್ಕೆ ಕಿಟಕಿ ಕೂಡ ಇಲ್ಲ. ಅಂಗಿಯನ್ನು ಇವತ್ತಷ್ಟೇ ಬೀರುವಿನಿಂದ ತೆಗೆದು ಹಾಕಿಕೊಂಡಿದ್ದೆ. ಮನೆಯಿಂದ ಬಸ್ಸು ಹತ್ತುವವರೆಗೆ ಎಲ್ಲೂ ಹೊಗೆಯಿರಲಿಲ್ಲ. ಮೂಗಿನ ಹತ್ತಿರ ಹಿಡಿದೆ. ಬಿಸಿಲಿನ ವಾಸನೆ ಘಮ್ಮೆಂದಿತು. ಎರಡು ತಿಂಗಳಿಂದ ನನ್ನ ಬಟ್ಟೆಗಳೆಲ್ಲ ಹೀಗೇ ಘಮಘಮಿಸುತ್ತಿದ್ದವು, ನಾನು ಅದನ್ನು ವಿವೇಕದ ವಾಸನೆ ಎಂದುಕೊಂಡಿದ್ದೆ.

ಅಂದರೆ ಅವ್ವ ದಿನಾ ಮೆಟ್ಟಿಲು ಹತ್ತುತ್ತಿದ್ದಾಳೆ. ನಾವಿಬ್ಬರೂ ಹೊರಟ ಮೇಲೆ, ಒದ್ದೆ ಬಟ್ಟೆಯ ಬಕೆಟ್ಟು ಹಿಡಿದುಕೊಂಡು, ಆ ಸೊಂಟದಲ್ಲಿ.

ಸಾಹೇಬರಿಗೆ ಏನು ಹೇಳಿ ಹೊರಟೆನೋ ನೆನಪಿಲ್ಲ. ಬಸ್ಸಿನಲ್ಲಿ ಕೂರಲಾಗಲಿಲ್ಲ, ಬಾಗಿಲಲ್ಲೇ ನಿಂತಿದ್ದೆ. ಪಾಲಹಳ್ಳಿ ಏನೂ ಮಹಾ ದೂರವಲ್ಲ, ಆದರೂ ಆ ದಿನ ಬಸ್ಸು ಪ್ರತಿ ಮರದ ಕೆಳಗೂ ನಿಂತ ಹಾಗನ್ನಿಸಿತು. ಡಾಕ್ಟರ ಮಾತು ಕಿವಿಯಲ್ಲಿ ಕೇಳುತ್ತಲೇ ಇತ್ತು. ನಾನು ಹೋಟೆಲಿನಲ್ಲಿ ಭಾಷಣ ಬಿಗಿಯುತ್ತಿದ್ದ ಒಂದೊಂದು ದಿನವೂ ಅವಳು ಆ ನಾಲ್ಕನೇ ಮೆಟ್ಟಿಲನ್ನು ದಾಟಿದ್ದಳಲ್ಲ ಎಂದು ನೆನೆದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಸ್ಟಾಪಿನಿಂದ ಮನೆಗೆ ಓಡಿದೆ. ನನ್ನ ವಯಸ್ಸಿನವರು ಬೀದಿಯಲ್ಲಿ ಓಡಿದರೆ ಜನ ಎದ್ದು ನಿಲ್ಲುತ್ತಾರೆ, ನಿಂತರು.

ಮನೆ ಬಾಗಿಲು ತೆರೆದಿತ್ತು. ಒಳಗೆ ಅವ್ವ ಇಲ್ಲ. ಮೆಟ್ಟಿಲ ಕಡೆ ತಿರುಗಿದೆ. ಆಗ ಮನೆಯ ಪಕ್ಕದ ನಮ್ಮ ಅಂಗಳದಿಂದ ಕಿರ್ರೋ ಕಿರ್ರೋ ಎಂದು ಸದ್ದು ಬಂತು. ಹೋಗಿ ನೋಡಿದರೆ ನನ್ನ ಎರಡು ಅಂಗಿ, ಒಂದು ಲುಂಗಿ, ಸುಮಿತ್ರಳ ಸೀರೆ ಸಾಲಾಗಿ ಆಕಾಶಕ್ಕೆ ಏರುತ್ತಿದ್ದವು.

ಅವ್ವ ಕೆಳಗೆ ನಿಂತು ಹಗ್ಗ ಎಳೆಯುತ್ತಿದ್ದಳು. ನಲ್ಲಿ ಬಂದ ಮೇಲೆ ಮುಚ್ಚಿಸಿದ ನಮ್ಮ ಸೇದುವ ಬಾವಿಗೆ ಎರಡು ರಾಟೆಗಳಿದ್ದವು. ಅವು ಈಗ ತಾರಸಿಯ ಅಂಚಿನಿಂದ ಹೊರಚಾಚಿದ ಎರಡು ಕಬ್ಬಿಣದ ತೋಳುಗಳಲ್ಲಿ ತೂಗುತ್ತಿದ್ದವು. ಒಂದು ಬಿದಿರು ಗಳ, ಅದರ ಎರಡು ತುದಿಗೆ ಹಗ್ಗ, ಗಳಕ್ಕೆ ಕ್ಲಿಪ್ಪು ಹಾಕಿದ ಬಟ್ಟೆ. ಎಳೆದರೆ ಗಳ ಪಕ್ಕದ ಮನೆಯ ನೆರಳನ್ನು ದಾಟಿ ಬಿಸಿಲಿಗೆ ಹೋಗುತ್ತದೆ. ಆಲೆಮನೆಯ ಹೊಗೆ ಇತ್ತ ತಿರುಗಿದರೆ ಹಗ್ಗ ಬಿಟ್ಟರಾಯಿತು, ಸರ್ರನೆ ಕೆಳಗೆ. ಆ ಕಬ್ಬಿಣದ ತೋಳುಗಳನ್ನು ನಾನು ನೋಡಿರಲಿಲ್ಲವೆಂದಲ್ಲ. ಇದೇನೆಂದು ಕೇಳಿದ್ದೆ. ಟೀವಿಯ ಡಿಶ್ಶಿಗೆ ಎಂದಿದ್ದಳು ಸುಮಿತ್ರ. ಅಣೆಕಟ್ಟೆಯ ಗೇಟು ಏರಿಸಿ ಇಳಿಸುವ ಕಡತಗಳನ್ನು ಇಪ್ಪತ್ತು ವರ್ಷದಿಂದ ನೋಡುತ್ತಿರುವ ನಾನು ಅದನ್ನು ನಂಬಿದ್ದೆ.

“ಯಾಕ್ಲಾ ಇಷ್ಟೊತ್ಗೇ ಬಂದ್ಬುಟ್ಟೆ? ಮೈಗೆ ಉಸಾರಿಲ್ವಾ?” ಅಂದಳು ಅವ್ವ.

“ನೀನು ಮೇಲಕ್ಕೆ ಅತ್ತಿದ್ದೀಯೇನೋ ಅಂತ…” ಅಂದೆ.

“ಮೂರು ತಿಂಗ್ಳು ಸೂರು ನೋಡ್ಕಂಡು ಮನಗಿದ್ದೋಳು ನಾನು. ನಂಗೆ ಗೊತ್ತಿಲ್ವಾ ಅದರ ಕಷ್ಟ? ಆ ಬಿಲ್ಲು ಬಂದ ಮಾರ್ನೆ ದಿನ್ವೇ ಪುಟ್ಟಸ್ವಾಮಿಗೆ ಏಳ್ದೆ, ಅವ್ನು ಬೆಸುಗೆ ಆಕ್ಕೊಟ್ಟ.” ಪುಟ್ಟಸ್ವಾಮಿ ನಮ್ಮ ಬೀದಿಯ ತುದಿಯಲ್ಲಿ ಟ್ರಾಕ್ಟರುಗಳಿಗೆ ವೆಲ್ಡಿಂಗ್ ಮಾಡುವವನು. ಅಂದರೆ ಇಡೀ ಬೀದಿಗೆ ಗೊತ್ತಿತ್ತು.

“ನಂಗ್ಯಾಕೆ ಏಳ್ಲಿಲ್ಲ?”

ಅವ್ವ ಹಗ್ಗವನ್ನು ಕಂಬದ ಕೊಕ್ಕೆಗೆ ಸುತ್ತಿದಳು. “ಚೀಟಿ ಅಂಟಿಸ್ದಾಗ್ಲಿಂದ ನೀನು ಊರಿಗೆಲ್ಲ ಏಳ್ಕಂಡು ಕುಸಿಯಾಗಿದ್ದೆ ಕಣ್ಲಾ. ನಿಂಗೆ ಕುಸಿ ಆಗೋದೇ ಅಪ್ರೂಪ. ಯಾಕೆ ಕೆಡಸ್ಬೇಕು ಅಂತ ಸುಮ್ಕಿದ್ದೆ.” ಆಮೇಲೆ ತೀರ್ಪು ಕೊಡುವವಳಂತೆ ಸೇರಿಸಿದಳು: “ಮಳೆ ಇಡ್ಕಂಡಾಗ ಗಾಳಿ ಡಬ್ಬ ಇರ್ಲಿ. ಮಿಕ್ಕಿದ್ದಕ್ಕೆ ಇದೇ ಸಾಕು ಬುಡು.”

ನಾನು ಹೂಂ ಎಂದೆ. ಅವಳ ಎರಡು ಕಾಲೂ ನೆಲದ ಮೇಲಿದ್ದವು, ನಾನು ಅವನ್ನೇ ನೋಡುತ್ತಿದ್ದೆ. ಅವಳ ಕಡೆ ಹೆಜ್ಜೆಯಿಡಹೋಗಿ ನನ್ನ ಕಾಲಬುಡದಲ್ಲಿದ್ದ ಖಾಲಿ ಬಕೆಟ್ಟನ್ನು ಎಡವಿದೆ. ಅವ್ವ ಅದನ್ನು ಕಂಡಳು. ಹತ್ತಿರ ಬಂದು ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಒಗೆಯುವ ಕಲ್ಲಿನ ಕಡೆಗೆ ನಡೆಸಿದಳು.

“ಮೆಲ್ಗೆ ಕೂತ್ಕಳ್ಲಾ,” ಅಂದಳು. “ಬಿದ್ಗಿದ್ದೀಯ.”