ಮುನ್ನೀ ಬೀಯ ಮೋತಿ ಗಿಡ

ಕೋದಂಡರಾಮಪ್ಪ ಮುನ್ನೀ ಬೀಯನ್ನು ಮೊದಲು ನೋಡಿದ್ದು ೧೯೩೬ರ ಜೂನ್ ತಿಂಗಳ ಒಂದು ಸೋಮವಾರ, ಬೆಳಗಿನ ಎಂಟು ಗಂಟೆಯ ಹೊತ್ತಿಗೆ. ಟೇಕಲ್ ಕಡೆಯ ರೈತರ ಮನೆಯಲ್ಲಿ ಬಿ.ಎ. ಪಾಸು ಮಾಡಿದ ಮೊದಲನೆಯವನು ಅವನು. ಮುಳಬಾಗಿಲಿಗೆ ಮೇಷ್ಟ್ರಾಗಿ ಬಂದಿದ್ದ. ಕಂಕುಳಲ್ಲಿ ಹಾಸಿಗೆ ಸುರುಳಿ, ಕೈಯಲ್ಲಿ ತಗಡಿನ ಪೆಟ್ಟಿಗೆ. ಬೀದಿ ಕೋಣೆ ಬಾಡಿಗೆಗಿದೆ ಎಂದು ಯಾರೋ ತೋರಿಸಿದ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಕಿಟಕಿಯ ಕೆಳಗೆ ಐವತ್ತರ ಹತ್ತಿರದ ಹೆಂಗಸೊಬ್ಬರು, ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಅಂಗೈಯಗಲದ ಕುಂಡವೊಂದನ್ನು ಬೋರಲು ಹಿಡಿದು ಅದರ ತಳವನ್ನು ಮೆಲ್ಲಗೆ ತಟ್ಟುತ್ತಿದ್ದರು. ಪಕ್ಕದ ಮೊರದಲ್ಲಿ ಏಳೆಂಟು ಪುಟ್ಟ ದಪ್ಪೆಲೆಯ ಗಿಡಗಳು ಬೇರು ಬಿಟ್ಟುಕೊಂಡು ಮಲಗಿದ್ದವು.

ಕೋಣೆಯ ವಿಷಯ ಅವನಿಗೆ ಮರೆತೇ ಹೋಯಿತು. "ಅಮ್ಮಾ, ಬೇರು ಗಾಳಿಗೆ ಬಿದ್ದವಲ್ಲ, ಒಣಗಿ ಹೋಗ್ತವೆ!"

"ಒಣಗ್ಲಿ ಅಂತಾನೇ ಇಟ್ಟಿರೋದು. ಬೇರಿನ ಗಾಯ ಮಾಯಕ್ಕೆ ಎರಡು ದಿನ ಬೇಕು. ಹಸಿ ಗಾಯಕ್ಕೆ ನೀರು ಹುಯ್ದ್ರೆ ಕೊಳೀತದೆ." ಆಮೇಲೆ ತಲೆಯೆತ್ತಿ, "ನೀವ್ಯಾರು, ಗಿಡಗಳ ವಕೀಲರಾ?" ಎಂದರು.

ಕೋಣೆ ಸಿಕ್ಕಿತು. ಮುನ್ನೀ ಬೀಯ ಗಂಡ ನಬೀ ಸಾಬ್ ಚಿನ್ನದ ಗಣಿಯ ದೊರೆಯೊಬ್ಬನ ಬಂಗಲೆಯಲ್ಲಿ ಮಾಲಿಯಾಗಿದ್ದವರು. ದೊರೆಸಾನಿ ಊರಿಗೆ ಹೊರಟಾಗ ಕೊಟ್ಟುಹೋದ ಗಿಡವನ್ನು ಅವರು ರುಮಾಲಿನಲ್ಲಿ ಸುತ್ತಿ ತಂದಿದ್ದರು. ನಕ್ಷತ್ರದಂತೆ ಹರಡಿದ ಕಡುಹಸಿರು ಎಲೆ, ಅದರ ಮೇಲೆಲ್ಲ ಮುತ್ತು ಉದುರಿಸಿದಂತೆ ಬಿಳಿ ಚುಕ್ಕೆ. ಅದಕ್ಕೆ ಮೋತಿ ಎಂದು ಹೆಸರಿಟ್ಟವರು ನಬೀ ಸಾಬರೇ. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಮೋತಿ ಹಾಕಿದ ಮರಿಗಳನ್ನು ಕೇಳಿದವರಿಗೆಲ್ಲ ಕೊಟ್ಟಿದ್ದರೂ ಒಂದೂ ಉಳಿದಿರಲಿಲ್ಲ. ಎಲ್ಲರೂ ಅಕ್ಕರೆಯಿಂದ ನೀರೆರೆದು ಕೊಂದಿದ್ದರು.

ಮುನ್ನೀ ಬೀ ದಿನವೂ ಹೆಬ್ಬೆರಳಿನಿಂದ ಎಲೆ ಒತ್ತಿ ನೋಡುತ್ತಿದ್ದರು. ಚಳಿಗಾಲದಲ್ಲಿ ಕುಂಡಗಳು ಎಳೆಬಿಸಿಲು ಬೀಳುವ ಕಿಟಕಿಗೆ ಬರುತ್ತಿದ್ದವು. ಬೇಸಿಗೆಯಲ್ಲಿ ಗೋಡೆಯ ಗೂಡಿಗೆ ಹೋಗುತ್ತಿದ್ದವು. ಓದಿದ ಕೋದಂಡರಾಮಪ್ಪನಿಗೆ ಈ ಓದದ ಹೆಂಗಸಿನ ಹೆಬ್ಬೆರಳಿನ ಮೇಲೆ ಗೌರವ ಬೆಳೆಯಿತು. ಆದರೆ ಪಾಠ ತಲೆಗೆ ಹತ್ತಿರಲಿಲ್ಲ.

ಮರುವರ್ಷ ಮಾರ್ಚ್‌ನಲ್ಲಿ ಶ್ರೀನಿವಾಸಪುರದಲ್ಲಿದ್ದ ಮಗಳು ನೂರ್ಜಹಾನಳ ಎರಡನೆಯ ಹೆರಿಗೆ. ಮುನ್ನೀ ಬೀ ನಲವತ್ತು ದಿನಕ್ಕೆ ಹೊರಟರು. ಬೀಗದ ಕೈ ಕೊಡುತ್ತ, "ಬೆಕ್ಕು ಬರದ ಹಾಗೆ ನೋಡ್ಕೊಳ್ಳಿ, ಸಾಕು. ನೀರು ಬೇಡ. ಬೇಸಿಗೇಲಿ ಇವು ನಿದ್ದೆ ಮಾಡ್ತವೆ," ಎಂದರು.

ಹತ್ತು ದಿನ ಅವನು ಮಾತು ಉಳಿಸಿಕೊಂಡ. ಹನ್ನೊಂದನೆಯ ದಿನ ಮೋತಿಯ ಎಲೆಗಳು ಸುಕ್ಕಾಗಿ ಒಳಕ್ಕೆ ಮುಚ್ಚಿಕೊಂಡಿದ್ದವು. ಬಾಡಿದ ಪೈರನ್ನು ಕಂಡೂ ಕಾಣದಂತೆ ಹೋಗುವುದು ರಾಗಿ ಹೊಲದಲ್ಲಿ ಬೆಳೆದವನ ಕೈಲಾಗಲಿಲ್ಲ. ಒಂದು ಚೆಂಬು ನೀರು ಹಾಕಿದ. ಮಾರನೆಯ ದಿನವೂ ಹಾಕಿದ. ಎಲೆಗಳು ಉಬ್ಬಿದಾಗ ಸಂತೋಷಪಟ್ಟು ಇನ್ನಷ್ಟು ಹಾಕಿದ.

ಮುನ್ನೀ ಬೀ ಹಿಂತಿರುಗಿದವರೇ ಗೂಡಿಗೆ ಕೈಹಾಕಿದರು. ಮೋತಿಯ ಹೊರಗಿನ ಎಲೆಗಳು ಬೆರಳಿಗೆ ಲೋಳೆಯಾಗಿ ಕಳಚಿಬಂದವು.

"ಯಾ ಅಲ್ಲಾ! ಮೇಷ್ಟ್ರೇ, ಎಷ್ಟು ನೀರು?"

"ದಿನಾ ಒಂದ್ ಚೆಂಬು..." ಅವನು ಬೀಗದ ಕೈಯನ್ನು ಅವರ ಮುಂದಿಟ್ಟ. "ಅಮ್ಮಾ, ನಾನು ಕೋಣೆ ಖಾಲಿ ಮಾಡ್ತೀನಿ."

"ನೀವು ಖಾಲಿ ಮಾಡಿದ್ರೆ ಇದು ಬದುಕ್ತದಾ? ಆ ಚಾಕು ಕೊಡಿ ಇಲ್ಲಿ."

ಕಣ್ಣು ತುಂಬಿದ್ದರೂ ಅವರ ಕೈ ಅಲುಗಲಿಲ್ಲ. ಕೊಳೆತದ್ದನ್ನೆಲ್ಲ ಕೊಯ್ದು ತೆಗೆದಾಗ ಹೆಬ್ಬೆರಳಿನ ತುದಿಯಷ್ಟು ಗಟ್ಟಿ ತಿರುಳು, ನಾಲ್ಕು ಎಲೆ ಉಳಿದವು. ಬೇರು ಒಂದೂ ಇರಲಿಲ್ಲ. ಗಾಯಕ್ಕೆ ಬೂದಿ ಮೆತ್ತಿದರು. ದೃಷ್ಟಿಯಾಗದಿರಲೆಂದು ಬಾಗಿಲ ಮೇಲೆ ಬುಡಮೇಲಾಗಿ ಕಟ್ಟಿದ್ದ ಲೋಳೆಸರ ವರ್ಷವಿಡೀ ಮಣ್ಣಿಲ್ಲದೆ ಬದುಕಿತ್ತು. ಅದರ ಪಕ್ಕದಲ್ಲೇ ಮೋತಿಯನ್ನೂ ದಾರದಲ್ಲಿ ತೂಗುಹಾಕಿದರು.

ಎದುರು ಮನೆಯ ಮುನಿಗಂಗಮ್ಮ ಬಿಡುತ್ತಾಳೆಯೇ? "ಏನ್ ಮೇಷ್ಟ್ರೇ, ಮೊದ್ಲು ಮುಳುಗ್ಸಿ ಆಮೇಲೆ ನೇಣ್ ಹಾಕಿದ್ರಂತೆ?"

ರಜಕ್ಕೆ ಊರಿಗೆ ಹೋದರೂ ಅವನ ಮನಸ್ಸೆಲ್ಲ ಆ ದಾರದಲ್ಲೇ ಇತ್ತು. ಜೂನ್‌ನಲ್ಲಿ ಹಿಂತಿರುಗಿದಾಗ ಪೆಟ್ಟಿಗೆ ಇಳಿಸುವ ಮೊದಲು ಬಾಗಿಲ ಮೇಲೆ ನೋಡಿದ. ತಿರುಳಿನ ಬುಡದಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳಿ ಬೇರು!

"ಅಮ್ಮಾ! ಬಂದಿದೆ!"

"ನಾಲ್ಕು ದಿನ ಆಯ್ತು. ನಿಮಗೇ ಅಂತ ಬಿಟ್ಟಿದೀನಿ. ಕೂತ್ಕೊಳ್ಳಿ."

ಹಳ್ಳದ ಮರಳು, ಇಟ್ಟಿಗೆ ಪುಡಿ, ಇದ್ದಿಲ ಚೂರು, ಒಂದು ಹಿಡಿ ಹಳೆ ಗೊಬ್ಬರ, ಎಲ್ಲವನ್ನೂ ಅವನ ಕೈಯಿಂದಲೇ ಬೆರೆಸಿಸಿದರು. ಅವನ ಕೈಯಿಂದಲೇ ನೆಡಿಸಿದರು. ಅಭ್ಯಾಸಬಲದಿಂದ ಅವನು ಚೆಂಬಿನ ಕಡೆ ತಿರುಗಿದಾಗ ಕೈಮೇಲೆ ಪಟ್ಟೆಂದು ಒಂದು ಏಟು ಬಿತ್ತು.

"ಎಂಟು ದಿನ ಆಗ್ಲಿ!"

ಆಮೇಲೆ ಅವನಿಗೆ ಮಾಲೂರಿಗೆ ವರ್ಗವಾಯಿತು. ಮೋತಿಯ ಮರಿಯೊಂದು ಅವನ ಕಿಟಕಿಯಲ್ಲಿ ಒಂಬತ್ತು ವರ್ಷದಿಂದ ಬದುಕಿದೆ. ಮುನ್ನೀ ಬೀ ಮುಳಬಾಗಿಲಿನ ಅದೇ ಮನೆಯಲ್ಲಿದ್ದಾರೆ. ಈಗ ಕಣ್ಣು ಮಂಜಾಗಿರುವುದರಿಂದ ಎಲೆಗಳನ್ನು ಮುಟ್ಟಿಯೇ ನೋಡುತ್ತಾರೆ. ಪ್ರತಿ ಜೂನ್‌ನಲ್ಲಿ ಕುಂಡ ಬದಲಿಸುತ್ತಾರೆ. ಮರಿ ಕೇಳಿದವರಿಗೆ, ಬೇರು ಒಣಗುವ ಎರಡು ದಿನ ಕಾದು ಬಂದರೆ ಮಾತ್ರ ಕೊಡುತ್ತಾರೆ.